ಒಂದೆರಡು ಸೆಟ್ ಮಾಡಿದರೆ ಮಸಲ್ ಬೆಳೆಯುತ್ತಾ?

ಜಿಮ್‌ಗೆ ಹೋಗುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಒಂದು ವ್ಯಾಯಾಮಕ್ಕೆ ಒಂದೋ ಎರಡೋ ಸೆಟ್, ಆದರೆ ಇನ್ನಾಗಲ್ಲ ಅನ್ನುವವರೆಗೆ ಮಾಡಿದರೆ ಸಾಕಾ? ನಾಲ್ಕೈದು ಸೆಟ್ ಮಾಡಲೇಬೇಕಾ?"

ಸಾಕು, ಮೈ ಬೆಳೆಯುತ್ತದೆ. ಆದರೆ ಆ ಸೆಟ್, ಅಂದರೆ ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು, ನಿಜಕ್ಕೂ ಕಷ್ಟದ್ದಾಗಿರಬೇಕು. ಕೇಳುವವರಲ್ಲಿ ಹೆಚ್ಚಿನವರು ಸೆಟ್ ಕಡಿಮೆ ಮಾಡಿರುತ್ತಾರೆ, ಶ್ರಮ ಹೆಚ್ಚಿಸಿರುವುದಿಲ್ಲ.

ಬೆಂಚಿನ ಮೇಲೆ ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್ ಮಾಡುವವರನ್ನು ಪಕ್ಕದಲ್ಲೇ ನಿಂತು ಗಮನಿಸಿ. ಮೊದಲ ಐದಾರು ರೆಪ್ (ಒಮ್ಮೆ ಇಳಿಸಿ ಎತ್ತಿದರೆ ಒಂದು ರೆಪ್) ಒಂದೇ ವೇಗದಲ್ಲಿ ಮೇಲೇಳುತ್ತವೆ. ಏಳನೆಯದಕ್ಕೆ ಎದೆ ಉರಿಯುತ್ತದೆ, ಹಲ್ಲು ಕಚ್ಚುತ್ತಾರೆ, ಬಾರನ್ನು ಸ್ಟ್ಯಾಂಡಿಗೆ ಇಟ್ಟುಬಿಡುತ್ತಾರೆ. ಆ ಏಳನೆಯ ರೆಪ್‌ನಲ್ಲೂ ಬಾರಿನ ವೇಗ ಕುಗ್ಗಿರುವುದಿಲ್ಲ. ಇನ್ನೂ ಮೂರ್ನಾಲ್ಕು ರೆಪ್‌ಗೆ ಕಸುವು ಉಳಿದಿರುತ್ತದೆ. ಮೈಯೆಲ್ಲ ಬಲ ಹಾಕಿ ತಳ್ಳಿದರೂ ಬಾರ್ ಅರ್ಧದಲ್ಲಿ ತಡವರಿಸಿ, ತೆವಳಿಕೊಂಡು ಮೇಲೆ ಹೋಗುತ್ತದಲ್ಲ, ಕಷ್ಟದ ಸೆಟ್ ಅಂದರೆ ಅದು. ಉರಿಯನ್ನು ನಂಬಬೇಡಿ, ವೇಗ ನೋಡಿ.

ಇದಕ್ಕೆ ಕಾರಣವಿದೆ. ನಮ್ಮ ನರಮಂಡಲ ಸ್ನಾಯುವಿನ ಸಣ್ಣ ಮೋಟಾರ್ ಯೂನಿಟ್‌ಗಳನ್ನು (ಒಂದು ನರಕೋಶ ಮತ್ತು ಅದು ನಡೆಸುವ ನಾರುಗಳ ಗುಂಪು) ಮೊದಲು ಕೆಲಸಕ್ಕೆ ಹಚ್ಚುತ್ತದೆ, ದೊಡ್ಡವನ್ನು ಅಗತ್ಯ ಬಿದ್ದಾಗ ಮಾತ್ರ. ಹೆಚ್ಚು ಬೆಳೆಯಬಲ್ಲ ನಾರುಗಳಿರುವುದು ಆ ದೊಡ್ಡ ಯೂನಿಟ್‌ಗಳಲ್ಲೇ. ಕೊನೆಯ ನಿಧಾನದ ರೆಪ್‌ಗಳಲ್ಲಿ ಅವೂ ಪೂರ್ತಿ ಎಳೆತಕ್ಕೆ ಸಿಗುತ್ತವೆ. ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಶೇ. 30ರಷ್ಟನ್ನೇ ಎತ್ತಿದರೂ, ಕೈಸೋಲುವವರೆಗೆ ಮಾಡಿದರೆ ಶೇ. 80ರ ಭಾರದ ಹತ್ತಿರಹತ್ತಿರ ಬೆಳವಣಿಗೆ ಸಿಗುವುದು ಈ ಕಾರಣಕ್ಕೆ.

1970ರ ದಶಕದಲ್ಲಿ ನಾಟಿಲಸ್ ಯಂತ್ರಗಳ ಆರ್ಥರ್ ಜೋನ್ಸ್ ಕಡಿಮೆ ಸೆಟ್, ಪೂರ್ತಿ ಶ್ರಮದ ಈ ಪದ್ಧತಿಯನ್ನು ಪ್ರಚಾರಕ್ಕೆ ತಂದರು, ದೇಹದಾರ್ಢ್ಯ ಪಟು ಮೈಕ್ ಮೆಂಟ್ಜರ್ ಅದನ್ನು ಇನ್ನಷ್ಟು ಬಿಗಿ ಮಾಡಿದರು. 1992ರಿಂದ 1997ರವರೆಗೆ ಸತತ ಆರು ಸಲ ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಸ್ಪರ್ಧೆ ಗೆದ್ದ ಡೋರಿಯನ್ ಯೇಟ್ಸ್ ಒಂದೇ ಸೆಟ್‌ನಿಂದ ಬೆಳೆದರೆಂದು ಅವರ ಹೆಸರನ್ನಂತೂ ಎಲ್ಲರೂ ಎತ್ತುತ್ತಾರೆ. ಅವರ ಆ "ಒಂದೇ ಸೆಟ್" ಹಿಂದೆ ವಾರ್ಮಪ್ ಸೆಟ್‌ಗಳಿದ್ದವು, ಒಂದೇ ಸ್ನಾಯುವಿಗೆ ಹಲವು ವ್ಯಾಯಾಮಗಳಿದ್ದವು. ಸ್ಟೆರಾಯ್ಡ್ ಬಳಸಿದ್ದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಅವರ ಮೈಕಟ್ಟು ನಮ್ಮ ಪ್ರಶ್ನೆಗೆ ಪುರಾವೆಯಾಗದು.

ಸಂಶೋಧನೆಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ತಂಡ 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಾರಕ್ಕೆ ಒಂದು ಸ್ನಾಯುವಿಗೆ ಐದಕ್ಕಿಂತ ಕಡಿಮೆ ಸೆಟ್ ಮಾಡಿದವರೂ ಬೆಳೆದಿದ್ದರು, ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಾಡಿದವರು ಇನ್ನೂ ಹೆಚ್ಚು ಬೆಳೆದಿದ್ದರು. ಅದೇ ತಂಡದ 2019ರ ಎಂಟು ವಾರಗಳ ಪ್ರಯೋಗದಲ್ಲಿ ಪ್ರತಿ ವ್ಯಾಯಾಮಕ್ಕೆ ಒಂದು, ಮೂರು, ಐದು ಸೆಟ್ ಮಾಡಿದ ಗುಂಪುಗಳ ಬಲ ಹೆಚ್ಚುಕಮ್ಮಿ ಒಂದೇ ಸಮ ಏರಿತು. ಸ್ನಾಯುವಿನ ಗಾತ್ರ ಮಾತ್ರ ಹೆಚ್ಚು ಸೆಟ್ ಮಾಡಿದವರಲ್ಲಿ ಮುಂದಿತ್ತು. ಹಾಗಾಗಿ ಸಮಯ ಕಡಿಮೆ ಇರುವವರು ಧೈರ್ಯವಾಗಿ ಈ ದಾರಿ ಹಿಡಿಯಬಹುದು. ಸಾಧ್ಯವಿರುವ ಬೆಳವಣಿಗೆಯಷ್ಟೂ ಬೇಕು ಅನ್ನುವವರಿಗೆ ಇದು ಸಾಲದು.

ನಾನು ಹೇಳುವ ಲೆಕ್ಕ: ಪ್ರತಿ ಸ್ನಾಯುವಿಗೆ ವಾರಕ್ಕೆ ನಾಲ್ಕರಿಂದ ಆರು ಕಷ್ಟದ ಸೆಟ್, ಎರಡು ದಿನಕ್ಕೆ ಹಂಚಿ. ಭಾರವೋ ರೆಪ್ಪೋ ಏರುತ್ತಿದ್ದರೆ ಏನನ್ನೂ ಬದಲಿಸಬೇಡಿ. ನಿದ್ದೆ, ಊಟ ಸರಿಯಿದ್ದೂ ವಾರಗಟ್ಟಲೆ ನಿಂತಲ್ಲೇ ನಿಂತರೆ ಆ ಸ್ನಾಯುವಿಗೆ ಎರಡು ಸೆಟ್ ಸೇರಿಸಿ. ಸ್ಕ್ವಾಟ್, ಡೆಡ್‌ಲಿಫ್ಟ್‌ಗಳಲ್ಲಿ ಒಂದೆರಡು ರೆಪ್ ಉಳಿಸಿಯೇ ನಿಲ್ಲಿಸಿ. ಅಲ್ಲಿ ಸೊಂಟ ಮೊದಲು ಸೋಲುತ್ತದೆ. ಮಷಿನ್ ಮೇಲೆ ಕೊನೆಯವರೆಗೂ ಹೋಗಬಹುದು.

ಈಗಷ್ಟೇ ಜಿಮ್ ಸೇರಿದವರು ಮಾತ್ರ ಮೊದಲ ಕೆಲವು ತಿಂಗಳು ಎರಡು ಮೂರು ಸಾಧಾರಣ ಸೆಟ್‌ಗಳಲ್ಲಿ ಫಾರ್ಮ್ (ಭಾರ ಎತ್ತುವ ಸರಿಯಾದ ಭಂಗಿ) ಕಲಿಯಲಿ. ತಮ್ಮ ಮಿತಿ ಎಲ್ಲಿದೆ ಎಂಬ ಅಂದಾಜು ಅವರಿಗೆ ಇನ್ನೂ ಸಿಕ್ಕಿರುವುದಿಲ್ಲ.