ಪಟ್ಟದ ಗೊಂಬೆ ಮತ್ತು ನಮ್ಮ ಸೆನೆಟರ್

2025ರ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದೆ. ಐದೇ ಮೆಟ್ಟಿಲು. ಮೇಲೆ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ, ಕೆಳಗೆ ಚನ್ನಪಟ್ಟಣದ ವಾದ್ಯದವರು, ಕೊನೆಗೆ ಮಗನ ಡೈನೋಸಾರ್. ನಾಲ್ಕನೇ ಕ್ಲಾಸಿನ ಮಗ ರಾಜನನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ಅಮ್ಮ, ಇದು ಗ್ರೇವನ್ ಇಮೇಜಾ?" ಅಂದ.

ಈ ಮಾತು ಬಂದಿದ್ದು ಅವನ ಕ್ಲಾಸಿನ ಗೋಡೆಯಿಂದ. ಟೆಕ್ಸಸ್‌ನಲ್ಲಿ 2025ರ ಸೆಪ್ಟೆಂಬರ್‌ನಿಂದ ಹೊಸ ಕಾನೂನು ಬಂತು. ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಬೈಬಲಿನ ಹತ್ತು ಆಜ್ಞೆಗಳ ಪೋಸ್ಟರ್ ಇರಬೇಕು. ಕಡಿಮೆ ಅಂದರೂ 16 ಇಂಚು ಅಗಲ, 20 ಇಂಚು ಎತ್ತರ. ಆಗ ಕೆಲವು ಕಡೆ ಕೋರ್ಟ್ ತಡೆ ಕೊಟ್ಟಿತು, ನಮ್ಮ ಕಡೆ ಕೊಡಲಿಲ್ಲ. ಅದರಲ್ಲಿ ಮೊದಲೇ ಬರುತ್ತದೆ, ಕೆತ್ತಿದ ವಿಗ್ರಹ ಮಾಡಿಕೊಳ್ಳಬೇಡ ಅಂತ. ಮಗ ಗಣಿತದ ಕ್ಲಾಸಿನಲ್ಲಿ ಬೇಜಾರಾದಾಗೆಲ್ಲ ಅದನ್ನೇ ಓದುತ್ತಾನಂತೆ.

"ಇದು ಗೊಂಬೆ ಕಣೋ, ಅಜ್ಜಿ ಕೊಟ್ಟಿದ್ದು" ಅಂದೆ. ಅವನಿಗೆ ಅಷ್ಟೇ ಸಾಕಾಯಿತು. ನನಗೆ ಸಾಕಾಗಲಿಲ್ಲ. ಅದಕ್ಕೇ ಈ ಬರಹ.

ನಾವಿರುವುದು ಟೈಲರ್ ಎಂಬ ಊರಿನಲ್ಲಿ. ಡಲ್ಲಾಸ್‌ನಿಂದ ಪೂರ್ವಕ್ಕೆ ನೂರು ಮೈಲಿ. ಕೆಂಪು ಮಣ್ಣು, ಪೈನ್ ಮರ, ಗುಲಾಬಿ ತೋಟ. ಇಲ್ಲಿ ಹೊಸಬರನ್ನು ಕಂಡರೆ "ಯಾವ ಊರು" ಅಂತ ಕೇಳುವುದಿಲ್ಲ, "ಯಾವ ಚರ್ಚು" ಅಂತ ಕೇಳುತ್ತಾರೆ. ಕನ್ನಡ ರಾಜ್ಯೋತ್ಸವಕ್ಕೆ ಡಲ್ಲಾಸ್ ಕಡೆಗೇ ಹೋಗಬೇಕು. ನಮ್ಮ ರಾಜ್ಯ ಸೆನೆಟರ್ ಬ್ರಯನ್ ಹ್ಯೂಸ್. ರಿಪಬ್ಲಿಕನ್ ಪಕ್ಷದ ಲಾಯರ್, ಇಲ್ಲೇ ಉತ್ತರಕ್ಕಿರುವ ಮಿನಿಯೋಲ ಎಂಬ ಸಣ್ಣ ಊರಿನವರು. 2003ರಿಂದ ರಾಜ್ಯದ ಶಾಸನಸಭೆಯ ಕೆಳಮನೆಯಲ್ಲಿದ್ದು 2017ರಲ್ಲಿ ಮೇಲ್ಮನೆಯಾದ ಸೆನೆಟ್‌ಗೆ ಬಂದರು. ನಮಗೆ ಓಟಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹನ್ನೆರಡು ವರ್ಷವಾಯಿತು. ಓಟು ಇಲ್ಲದಿದ್ದರೂ ಮಗನ ಶಾಲೆ, ನನ್ನ ಹೊಟ್ಟೆ ಎರಡರ ಮೇಲೂ ಆ ಮನುಷ್ಯನ ಕೈಬರಹವಿದೆ.

ನಾನು ಅವರ ಎಲ್ಲ ಮಾತಿಗೂ ಮೂಗು ಮುರಿಯುವವಳಲ್ಲ. ಕುಟುಂಬವೇ ಮೊದಲು, ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮನ ಮಾತು ನಡೆಯಬೇಕು ಅನ್ನುವ ಪಕ್ಷ ಅದು. ತಿಪಟೂರಿನಲ್ಲಿ ನಮ್ಮಮ್ಮನ ಕಿವಿಗೆ ಬಿದ್ದರೆ "ಸರಿಯಾಗೇ ಹೇಳ್ತಾನಲ್ಲ" ಅಂತಾಳೆ. 2025ರಲ್ಲಿ ಶಾಲೆಯಲ್ಲಿ ಮೊಬೈಲ್ ನಿಷೇಧಿಸಿದರು. ಪುಣ್ಯ ಬರಲಿ.

ಆದರೆ ಪೋಷಕರ ಹಕ್ಕು ಅಂತ ಇನ್ನೊಂದು ಕಾನೂನು ಮಾಡಿದರು. ಶಾಲೆ ಶುರುವಾದ ವಾರ ಫಾರ್ಮ್ ಬಂತು. ಅದರಲ್ಲಿ ಒಂದು ಸಾಲು: ನಿಮ್ಮ ಮಗುವಿಗೆ ಗಾಯವಾದರೆ ಬ್ಯಾಂಡ್‌ಏಡ್ ಹಾಕಬಹುದೇ? ಹೌದು, ಇಲ್ಲ. ನಾನು ತಮಾಷೆ ಅಂದುಕೊಂಡೆ. ಇಲ್ಲ, ಒಪ್ಪಿಗೆ ಇಲ್ಲದೆ ಮುಟ್ಟಿದರೆ ಎಲ್ಲಿ ಕೇಸಾಗುತ್ತದೋ ಅಂತ ಶಾಲೆಯವರು ಹೆದರಿದ್ದರು. ಆಮೇಲೆ ರಾಜ್ಯದ ಶಿಕ್ಷಣ ಇಲಾಖೆಯೇ ಅಷ್ಟೆಲ್ಲ ಬೇಡ ಅಂತ ಹೇಳಬೇಕಾಯಿತು. ನಮ್ಮಪ್ಪ ಮೇಷ್ಟ್ರಾಗಿದ್ದಾಗ ಮಂಡಿ ತರಚಿದ ಮಕ್ಕಳಿಗೆ ಹಿತ್ತಲಿನ ಗಬ್ಬುಗಿಡದ ಸೊಪ್ಪು ಹಿಂಡುತ್ತಿದ್ದರು. ಯಾವ ಫಾರ್ಮೂ ಇರಲಿಲ್ಲ.

ಪೋಸ್ಟರಿನ ವಿಷಯಕ್ಕೆ ಬಂದರೆ, ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಓದಿದ ಸರ್ಕಾರಿ ಶಾಲೆಯಲ್ಲೂ ಸರಸ್ವತಿ ಫೋಟೋ ಇತ್ತು. ಶುಕ್ರವಾರ ಪೂಜೆ, ಮಂಡಕ್ಕಿ ಬೆಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬಳೇ ಮುಸ್ಲಿಂ ಹುಡುಗಿ. ಅವಳು ಕೊನೆಯ ಬೆಂಚಿನ ಹತ್ತಿರ ಕೈ ಕಟ್ಟಿಕೊಂಡು ನಿಂತಿರುತ್ತಿದ್ದಳು. ಮಂಡಕ್ಕಿ ಮಾತ್ರ ಇಸ್ಕೊಳ್ಳುತ್ತಿದ್ದಳು. ಅವಳಿಗೆ ಏನನ್ನಿಸುತ್ತಿತ್ತು ಅಂತ ನಾನು ಮೂವತ್ತು ವರ್ಷ ಯೋಚಿಸಿರಲಿಲ್ಲ. ಮಗ ರಾಜನನ್ನು ತಿರುಗಿಸಿ ನೋಡಿದಾಗ ಅವಳ ಮುಖ ನೆನಪಾಯಿತು.

ಇನ್ನು ದುಡ್ಡಿನ ವಿಷಯ. 2025ರ ಮೇ 3ರಂದು ಗವರ್ನರ್ ಗ್ರೆಗ್ ಅಬ್ಬಟ್ ಒಂದು ದೊಡ್ಡ ಮಸೂದೆಗೆ ಸಹಿ ಹಾಕಿದರು. ಮೊದಲ ಕಂತು 100 ಕೋಟಿ ಡಾಲರ್. ಮಗುವನ್ನು ಖಾಸಗಿ ಶಾಲೆಗೆ ಸೇರಿಸಿದರೆ ವರ್ಷಕ್ಕೆ ಸುಮಾರು 10,000 ಡಾಲರ್ ಸರ್ಕಾರವೇ ಕೊಡುತ್ತದೆ. ಮನೆಯಲ್ಲೇ ಪಾಠ ಹೇಳಿಕೊಟ್ಟರೆ 2,000. 2026-27ರ ಶಾಲಾ ವರ್ಷದಿಂದ ಶುರು. ಹ್ಯೂಸ್ ಇದಕ್ಕೆ ಓಟು ಹಾಕಿದರು. ಆದರೆ ಟೈಲರ್‌ನ ದಕ್ಷಿಣಕ್ಕಿರುವ ಜಾಕ್ಸನ್‌ವಿಲ್‌ನ ಸೆನೆಟರ್ ರಾಬರ್ಟ್ ನಿಕೊಲ್ಸ್, ಅದೇ ಪಕ್ಷ, ಅದೇ ಪೈನ್ ಕಾಡು, ಬೇಡ ಅಂದರು. ಸೆನೆಟ್‌ನಲ್ಲಿ ಬೇಡ ಅಂದ ರಿಪಬ್ಲಿಕನ್ ಅವರೊಬ್ಬರೇ. ಹಳ್ಳಿಗಾಡಿನ ರಿಪಬ್ಲಿಕನ್ನರು ಇದನ್ನು ಬಹಳ ವರ್ಷ ತಡೆದಿದ್ದರು. 2023ರ ನವೆಂಬರ್‌ನಲ್ಲಿ ಕೆಳಮನೆಯ 21 ರಿಪಬ್ಲಿಕನ್ನರು ಡೆಮಾಕ್ರಟರ ಜೊತೆ ಸೇರಿ ಇದೇ ಯೋಜನೆಯನ್ನು ಕೆಡವಿದರು. ಸಿಟ್ಟಾದ ಅಬ್ಬಟ್ ಮುಂದಿನ ವರ್ಷದ ಪಕ್ಷದೊಳಗಿನ ಚುನಾವಣೆಯಲ್ಲಿ ಅವರ ಎದುರು ನಿಂತವರ ಪರ ಪ್ರಚಾರ ಮಾಡಿದರು. ಹಲವರು ಸೋತು ಮನೆಗೆ ಹೋದರು.

ಸ್ವಂತ ಪಕ್ಷದವರೇ ಯಾಕೆ ಅಡ್ಡ ನಿಂತರು ಅಂತ ಇಲ್ಲಿದ್ದರೆ ಗೊತ್ತಾಗುತ್ತದೆ. ಸಣ್ಣ ಊರುಗಳಲ್ಲಿ ಶಾಲೆ ಅಂದರೆ ಅದೊಂದೇ. ಊರಿಗೆ ಜಾಸ್ತಿ ಕೆಲಸ ಕೊಡುವುದೂ ಅದೇ. ಶುಕ್ರವಾರ ರಾತ್ರಿ ಫುಟ್ಬಾಲ್ ಮ್ಯಾಚಿಗೆ ಊರಿಗೆ ಊರೇ ಅಲ್ಲಿ. ಖಾಸಗಿ ಶಾಲೆಯೇ ಇಲ್ಲದ ಕಡೆ ಆ ಹತ್ತು ಸಾವಿರ ತೆಗೆದುಕೊಂಡು ಎಲ್ಲಿಗೆ ಹೋಗುವುದು?

ಇದನ್ನು ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಅಪ್ಪ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಅವರು ಸೇರಿದಾಗ ಅರವತ್ತೆರಡು ಮಕ್ಕಳು, ರಿಟೈರ್ ಆದಾಗ ಹನ್ನೊಂದು. ಮೊದಲು ದುಡ್ಡಿದ್ದವರ ಮಕ್ಕಳು ಟೈ ಕಟ್ಟಿಕೊಂಡು ಕಾನ್ವೆಂಟ್ ವ್ಯಾನ್ ಹತ್ತಿದರು. 2012ರಿಂದ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕಿನ ಕಾಯ್ದೆ ಬಂತು. ಖಾಸಗಿ ಶಾಲೆಯ ಶೇ. 25 ಸೀಟಿಗೆ ಸರ್ಕಾರವೇ ಫೀಸು ಕಟ್ಟಿತು. ಉಳಿದವರಲ್ಲೂ ಕೆಲವರು ವ್ಯಾನ್ ಹತ್ತಿದರು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಅಂತ 2019ರಲ್ಲಿ ನಿಯಮ ಬದಲಾಯಿತು. ಅಷ್ಟೊತ್ತಿಗೆ ಅಪ್ಪನ ಶಾಲೆಗೆ ಬೀಗ ಬಿದ್ದಿತ್ತು.

ಎಲ್ಲ ಕೇಳಿಸಿಕೊಂಡು ಅಪ್ಪ ಹೇಳಿದ್ದು ಇಷ್ಟೇ: "ಅಲ್ಲಿಗೂ ವ್ಯಾನ್ ಬಂತೇನಮ್ಮ?"

ಇನ್ನೊಂದು ವಿಷಯ ಇದೆ. ಬರೆಯುವುದೋ ಬೇಡವೋ ಅಂತ ಎರಡು ವರ್ಷ ಸುಮ್ನಿದ್ದೆ.

ನಮ್ಮ ಕಡೆ ಹೆಂಗಸರು ಗರ್ಭ ತಾನಾಗಿ ಹೋದರೂ "ಅಬಾರ್ಷನ್ ಆಯ್ತು" ಅನ್ನುತ್ತಾರೆ, ಅಲ್ವಾ? 2012ರಲ್ಲಿ ತುಮಕೂರಿನಲ್ಲಿ ನನಗೆ ಹಾಗಾಗಿತ್ತು. 2023ರಲ್ಲಿ ಮತ್ತೆ ಬಸುರಿಯಾದಾಗ ಇಲ್ಲಿನ ಕೌಂಟರಿನಲ್ಲಿ ಹಿಂದಿನದೆಲ್ಲ ಕೇಳಿದರು. ನಾನು ಅದೇ ಪದ ಹೇಳಿದೆ, ಒಂದು ಅಬಾರ್ಷನ್ ಆಗಿದೆ ಅಂತ. ಟೈಪ್ ಮಾಡುತ್ತಿದ್ದ ಹುಡುಗಿಯ ಕೈ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ಪಕ್ಕದವಳನ್ನು ನೋಡಿದಳು. ಇಂಗ್ಲಿಷಿನಲ್ಲಿ ಅದಕ್ಕೆ ಮಿಸ್‌ಕ್ಯಾರೇಜ್ ಅನ್ನಬೇಕು ಅಂತ ನನಗೆ ಗೊತ್ತಿಲ್ಲದೆ ಇರಲಿಲ್ಲ. ಬಾಯಿಗೆ ಬಂದಿದ್ದು ನಮ್ಮೂರಿನ ಮಾತು.

ಹತ್ತನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಸಿಗಲಿಲ್ಲ. ಒಂದು ವಾರ ಬಿಟ್ಟು ಮತ್ತೆ ನೋಡೋಣ ಅಂದರು. ಖಚಿತ ಮಾಡಿಕೊಳ್ಳಲು ಎರಡನೇ ಸ್ಕ್ಯಾನ್ ಮಾಡುವುದು ಎಲ್ಲ ಕಡೆ ಇದ್ದದ್ದೇ. ಆದರೆ ಡಾಕ್ಟರ್ ಪದ ಆರಿಸಿ ಆರಿಸಿ ಮಾತಾಡುತ್ತಿದ್ದುದು, ಎಲ್ಲವನ್ನೂ ಎರಡೆರಡು ಸಲ ಬರೆದುಕೊಳ್ಳುತ್ತಿದ್ದುದು ಇದ್ದದ್ದಲ್ಲ. ಹ್ಯೂಸ್ ಬರೆದ ಸೆನೆಟ್ ಬಿಲ್ 8, 2021ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಎದೆಬಡಿತ ಕೇಳಿದ ಮೇಲೆ, ಅಂದರೆ ಸುಮಾರು ಆರು ವಾರದ ಮೇಲೆ ಗರ್ಭಪಾತವಿಲ್ಲ. ಮಾಡಿದವರ ಮೇಲೆ, ನೆರವಾದವರ ಮೇಲೆ ಯಾರು ಬೇಕಾದರೂ ದಾವೆ ಹಾಕಬಹುದು. ಗೆದ್ದರೆ ಕಡಿಮೆ ಅಂದರೂ 10,000 ಡಾಲರ್. 2022ರ ಆಗಸ್ಟ್‌ನಿಂದ, ತಾಯಿಯ ಜೀವಕ್ಕೆ ಅಪಾಯವಿದ್ದಾಗ ಬಿಟ್ಟರೆ, ಪೂರ್ತಿ ನಿಷೇಧವೇ ಬಂತು. ಡಾಕ್ಟರಿಗೆ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ತಾಯಿಯ ಮೇಲೆ ಕೇಸಿಲ್ಲ. ಹೊಟ್ಟೆಯಲ್ಲೇ ತೀರಿಹೋದ ಮಗುವನ್ನು ತೆಗೆಯುವುದು ಕಾನೂನಿನ ಪ್ರಕಾರ ಗರ್ಭಪಾತವೇ ಅಲ್ಲ. ಕಾಗದದಲ್ಲಿ ಎಲ್ಲ ಸರಿಯಾಗಿದೆ. ಆ ವಾರ ನಾನು ಮಾತ್ರ ಮಂಚದ ಮೇಲೆ ಮಲಗಿ, ಯಾರು ಬೇಕಾದರೂ ಅಂದರೆ ಯಾರು ಅಂತ ಎಣಿಸುತ್ತಿದ್ದೆ. ಕಾರು ಓಡಿಸಿದ ಗಂಡ ನೆರವಾದವನಾ? ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡುತ್ತಿದ್ದಾಳಾ?

ಪಕ್ಕದ ಮನೆಯಾಕೆ ನೋಡುತ್ತಲೇ ಇದ್ದಳು. ನಾಲ್ಕನೇ ದಿನ ಮ್ಯಾಕ್ರೋನಿ ಚೀಸ್ ಮಾಡಿ ತಂದಳು. ಮಾಂಸ ಹಾಕಿಲ್ಲ, ಬೇರೆ ಪಾತ್ರೆಯಲ್ಲೇ ಮಾಡಿದೆ ಅಂದಳು. ಅವಳಿಗೆ ಐದು ಮಕ್ಕಳು, ಎಲ್ಲರಿಗೂ ಮನೆಯಲ್ಲೇ ಪಾಠ. ಹ್ಯೂಸ್‌ಗೆ ತಪ್ಪದೆ ಓಟು ಹಾಕುವವಳು. ಸೋಫಾದ ತುದಿಯಲ್ಲಿ ಕೂತು ನನ್ನ ಕಾಲು ಹಿಡಿದುಕೊಂಡು ಪ್ರಾರ್ಥನೆ ಮಾಡಿದಳು. ನಾನು ಬೇಡ ಅನ್ನಲಿಲ್ಲ.

ಜೀವದ ಬಗ್ಗೆ ಅವರಿಗೆ ಪಾಠ ಹೇಳುವ ಯೋಗ್ಯತೆ ನಮಗೂ ಇಲ್ಲ. ನಮ್ಮಲ್ಲಿ 1971ರಿಂದಲೇ ಗರ್ಭಪಾತದ ಕಾನೂನಿದೆ, 2021ರಲ್ಲಿ ಕೆಲವರಿಗೆ 24 ವಾರದವರೆಗೂ ಅವಕಾಶ ಕೊಟ್ಟರು. ಸರಿ. ಆದರೆ ಹೆಣ್ಣೋ ಗಂಡೋ ಅಂತ ಹೇಳುವುದಿಲ್ಲ ಎಂಬ ಬೋರ್ಡನ್ನು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹಾಕಬೇಕಾದ ನಾಡು ನಮ್ಮದು. ನನ್ನ ಹೊಟ್ಟೆ ಖಾಲಿಯಾದ ವರ್ಷವೇ ಮಂಡ್ಯದಲ್ಲಿ ಆಲೆಮನೆಯೊಳಗೆ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣು ಭ್ರೂಣ ಹುಡುಕುತ್ತಿದ್ದ ಸುದ್ದಿ ಬಂತು. ಬೆಲ್ಲ ಕಾಯಿಸುವ ಜಾಗದಲ್ಲಿ!

2025ರ ಜೂನ್‌ನಲ್ಲಿ ಇನ್ನೊಂದು ಕಾನೂನಾಯಿತು, ಸೆನೆಟ್ ಬಿಲ್ 31. ತಾಯಿಯ ಜೀವಕ್ಕೆ ಅಪಾಯವಿದ್ದರೆ ಡಾಕ್ಟರ್ ಸಾವು ಬಾಗಿಲಿಗೆ ಬರುವವರೆಗೆ ಕಾಯಬೇಕಿಲ್ಲ ಅಂತ ಬಿಡಿಸಿ ಹೇಳುತ್ತದೆ. ಡೆಮಾಕ್ರಟರೂ ಓಟು ಹಾಕಿದರು. ಬರೆದವರು ಅದೇ ಹ್ಯೂಸ್. ಮೊದಲಿನದೇ ಸ್ಪಷ್ಟವಿತ್ತು ಅನ್ನುವುದಾದರೆ ಇದು ಯಾಕೆ ಬೇಕಾಯಿತು ಅಂತ ಕೇಳಬೇಕು ಅನ್ನಿಸುತ್ತದೆ. ಬರೆದವರೇ ಬಂದು ತಿದ್ದಿದರಲ್ಲ ಅಂತಲೂ ಅನ್ನಿಸುತ್ತದೆ. ಬಲಾತ್ಕಾರಕ್ಕೆ ಒಳಗಾದವಳಿಗೆ ಈಗಲೂ ಇಲ್ಲಿ ವಿನಾಯಿತಿಯಿಲ್ಲ. ಅದನ್ನು ನಾನು ಯಾವ ಕಡೆಯಿಂದ ನೋಡಿದರೂ ಒಪ್ಪಲಾರೆ.

ಶನಿವಾರ ಪಕ್ಕದ ಮನೆಯಾಕೆ ಐದೂ ಮಕ್ಕಳನ್ನು ಕರೆದುಕೊಂಡು ಗೊಂಬೆ ನೋಡಲು ಬಂದಳು. ಕಡಲೆಕಾಳು ಉಸಲಿ ಕೊಟ್ಟೆ. ಮುಂದಿನ ವರ್ಷ ಮಗುವಿಗೆ ಎರಡು ಸಾವಿರದಂತೆ ಹತ್ತು ಸಾವಿರ ಬರುತ್ತದಲ್ಲ ನಿನಗೆ ಅಂದೆ. ಅರ್ಜಿ ಹಾಕಲ್ಲ ಅಂದಳು. ಇವತ್ತು ಸರ್ಕಾರದ ದುಡ್ಡು ಮನೆಯೊಳಗೆ ಬಂದರೆ ನಾಳೆ ಸರ್ಕಾರವೂ ಬಂದು ಏನು ಪಾಠ ಮಾಡುತ್ತೀ ಅಂತ ಕೇಳುತ್ತದೆ, ಬೇಡವೇ ಬೇಡ.

ಅವಳ ಕೊನೆಯ ಮಗಳು ಅಷ್ಟು ಹೊತ್ತೂ ರಾಣಿಯನ್ನೇ ಎತ್ತಿಕೊಂಡು ಓಡಾಡಿದಳು. ಅವರು ಹೋದ ಮೇಲೆ ನೋಡಿದರೆ ರಾಣಿ ಕೊನೆಯ ಮೆಟ್ಟಿಲಿನಲ್ಲಿ ಡೈನೋಸಾರ್ ಪಕ್ಕ ನಿಂತಿದ್ದಳು. ಅಲ್ಲೇ ಇರಲಿ ಅಂತ ಮಗ ಹಟ ಮಾಡಿದ. ನಾನು ಬಿಡಲಿಲ್ಲ, ಎತ್ತಿ ರಾಜನ ಪಕ್ಕಕ್ಕೇ ಇಟ್ಟೆ. ಜೋಡಿ ಬೇರೆ ಮಾಡಬಾರದು ಅಂತ ಅಮ್ಮ ಹೇಳಿದ್ದಾಳೆ.