ಸೂರ್ಯ ಮರೆಯಾದೊಡನೆ
ಸೃಷ್ಟಿಯೆಂಬುದು ಎಂದೋ ಮುಗಿದುಹೋದ ಕೆಲಸವೆಂದು ನಾನು ಬಹುಕಾಲ ಭಾವಿಸಿದ್ದೆ. ಪ್ರಾಯದ ಸಿಂಹಗಳು ಗರ್ಜಿಸಿ ದೇವರಿಂದಲೇ ಆಹಾರ ಕೇಳುತ್ತವೆ, ಆತನು ಶ್ವಾಸವನ್ನು ಹಿಂತೆಗೆದರೆ ಜೀವಿಗಳು ಮಣ್ಣಿಗೆ ಸೇರುತ್ತವೆ, ತನ್ನ ಆತ್ಮವನ್ನು ಕಳುಹಿಸಿದರೆ ಭೂಮಿ ಹೊಸತಾಗುತ್ತದೆ ಎನ್ನುವ ಬೈಬಲಿನ 104ನೆಯ ಕೀರ್ತನೆ ಆ ಭಾವನೆಯನ್ನು ಅಲುಗಾಡಿಸಿತು. 13ನೆಯ ಶತಮಾನದ ಕ್ರೈಸ್ತ ದೇವತಾಶಾಸ್ತ್ರಜ್ಞ ಸಂತ ತೋಮಸ್ ಅಕ್ವೈನಾಸರು ಇದನ್ನೇ ತರ್ಕದಿಂದ ವಿವರಿಸುತ್ತಾರೆ: ಕಟ್ಟಿದವನು ಹೋದ ಮೇಲೂ ಮನೆ ನಿಲ್ಲುತ್ತದೆ, ಆದರೆ ಸೂರ್ಯ ಮರೆಯಾದೊಡನೆ ಗಾಳಿಯಲ್ಲಿನ ಬೆಳಕು ಇಲ್ಲವಾಗುತ್ತದೆ, ಜಗತ್ತು ದೇವರನ್ನು ಅವಲಂಬಿಸಿರುವುದು ಈ ಎರಡನೆಯ ರೀತಿಯಲ್ಲಿ. (ಅವರ ಮಹಾಗ್ರಂಥ ‘ಸುಮ್ಮಾ ಥಿಯೊಲಾಜಿಯೇ’ಯಲ್ಲಿ ಈ ಚರ್ಚೆ ಬರುವುದೂ ಮೊದಲ ಭಾಗದ 104ನೆಯ ಪ್ರಶ್ನೆಯಲ್ಲೇ, ಕಾಕತಾಳೀಯವಿರಬಹುದು.) ಹಾಗೆಂದು ಬೆಂಕಿ ಸುಡುವುದು, ಬೀಜ ಮೊಳೆಯುವುದು ಬರೀ ತೋರಿಕೆಯೆಂದು ಅವರು ಹೇಳುವುದಿಲ್ಲ, ಅವುಗಳ ಶಕ್ತಿ ನಿಜವಾದದ್ದೇ, ಆದರೆ ಅದು ಕ್ಷಣಕ್ಷಣವೂ ದೇವರಿಂದ ಪಡೆದದ್ದು.