ಕುಂಬಳಕಾಯಿ ಊರಿನ ಜಾಝ್

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ಇರುವ ನಮ್ಮವರು ಲುಡ್ವಿಗ್ಸ್‌ಬರ್ಗ್‌ಗೆ ಹೋಗುವುದು ಅರಮನೆ ನೋಡೋಕೆ. ಇಲ್ಲಾಂದ್ರೆ ಚಳಿ ಶುರುವಾಗುವ ಮೊದಲು ಅಲ್ಲಿ ನಡೆಯುವ ಕುಂಬಳಕಾಯಿ ಮೇಳದಲ್ಲಿ ಮಕ್ಕಳ ಫೋಟೋ ತೆಗೆಯೋಕೆ. ನನಗೆ ಮಾತ್ರ ಆ ಊರು ಅಂದ್ರೆ ಟೋನ್‌ಸ್ಟುಡಿಯೋ ಬಾಯರ್ ಅನ್ನುವ ರೆಕಾರ್ಡಿಂಗ್ ಸ್ಟುಡಿಯೋ. ಮ್ಯೂನಿಕ್‌ನ ಇಸಿಎಂ ಕಂಪನಿಯ ಎಷ್ಟೋ ರೆಕಾರ್ಡುಗಳು ತಯಾರಾದದ್ದು ಅಲ್ಲೇ.

1973ರ ಡಿಸೆಂಬರ್‌ನಲ್ಲಿ ಸ್ಟುಟ್‌ಗಾರ್ಟ್‌ನವರೇ ಆದ, ಬೇಸ್ ಅನ್ನುವ ತಗ್ಗು ದನಿಯ ತಂತಿವಾದ್ಯ ನುಡಿಸುವ ಎಬರ್‌ಹಾರ್ಡ್ ವೇಬರ್ ಅಲ್ಲಿ 'ದಿ ಕಲರ್ಸ್ ಆಫ್ ಕ್ಲೋಯಿ' ರೆಕಾರ್ಡ್ ಮಾಡಿದರು. ಜಾಝ್ ಅಂತ ಕೇಳಲು ಕೂತರೆ ಮೊದಲು ಬರುವುದು ಚೆಲ್ಲೋಗಳು. ಇಲ್ಲಿನ ರೇಡಿಯೋ ಆರ್ಕೆಸ್ಟ್ರಾದ ಚೆಲ್ಲೋ ವಾದಕರನ್ನೇ ಕರೆಸಿದ್ದರು. ಸ್ವರದ ಮೇಲೆ ಸ್ವರ ನಿಧಾನಕ್ಕೆ ಪದರ ಕಟ್ಟುತ್ತಾ ಹೋಗುತ್ತದೆ, ಡ್ರಮ್‌ಗೆ ಅವಸರವೇ ಇಲ್ಲ. ಆಮೇಲೆ ವೇಬರ್ ಅವರ ಬೇಸ್. ನಿಂತು ನುಡಿಸುವ ಬೇಸೇ, ಆದರೆ ಎಲೆಕ್ಟ್ರಿಕ್. ಸಾಮಾನ್ಯವಾಗಿ ಬೇಸ್ ಹಿಂದೆ ನಿಂತು ತಾಳ ಕಾಯುತ್ತದೆ ಅಲ್ವಾ? ಇಲ್ಲಿ ಅದೇ ಮುಂದೆ ಬಂದು ಹಾಡುತ್ತದೆ. ಮೀಟಿದ ಸ್ವರ ಬೇಗ ಆರುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಎರಡನೇ ಬದಿಯಲ್ಲಿ ಇರುವುದು ಒಂದೇ ಕೃತಿ, ಹತ್ತಿರ ಹತ್ತಿರ 20 ನಿಮಿಷ. ನನ್ನ ಕೇಳಿದರೆ ಅದು ಸ್ವಲ್ಪ ಜಾಸ್ತಿಯೇ ಆಯಿತು.

ಈ ಜಾಝ್‌ಗೆ ರಾಕ್ ಕೂಡ ಬಂದು ಸೇರಿತು. ಮುಂದೆ ವೇಬರ್ ಕಟ್ಟಿದ 'ಕಲರ್ಸ್' ತಂಡಕ್ಕೆ ಬ್ರಿಟನ್‌ನ ಜಾಝ್-ರಾಕ್ ತಂಡ ಸಾಫ್ಟ್ ಮಷೀನ್‌ನಲ್ಲಿದ್ದ ಜಾನ್ ಮಾರ್ಷಲ್ ಡ್ರಮ್ಸ್‌ಗೆ ಬಂದರು. 1977ರಲ್ಲಿ ರೆಕಾರ್ಡ್ ಆದ 'ಸೈಲೆಂಟ್ ಫೀಟ್' ಕೇಳಿ, ಗೊತ್ತಾಗುತ್ತದೆ.

ಆದರೆ ನಮಗೆ ಹತ್ತಿರದವರು ಅಂದ್ರೆ ಆ ತಂಡದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ. ಬಾಸ್ಟನ್‌ನಲ್ಲಿ ಹುಟ್ಟಿ ಯುರೋಪಿಗೆ ಬಂದು ನೆಲೆಸಿದವರು. ದಕ್ಷಿಣ ಭಾರತದ ಸಂಗೀತದ ಹುಚ್ಚು ಎಷ್ಟಿತ್ತೆಂದರೆ ನಾಗಸ್ವರ ಕಲಿತರು. ಸುಮ್ನೆ ಕಲಿತು ಬಿಡಲಿಲ್ಲ, 1975ರ 'ಯೆಲ್ಲೋ ಫೀಲ್ಡ್ಸ್' ರೆಕಾರ್ಡಿನಲ್ಲಿ ಎಲೆಕ್ಟ್ರಿಕ್ ಬೇಸ್ ಪಕ್ಕ ಅದನ್ನು ಊದಿಯೂ ಬಿಟ್ಟರು!

1983ರಲ್ಲಿ ಬಂದದ್ದು 'ಜ್ಯೋತಿ'. ಅದೇ ಲುಡ್ವಿಗ್ಸ್‌ಬರ್ಗ್. ಮರಿಯಾನೋ ಜೊತೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್: ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಹಾಡುಗಾರಿಕೆ, ಜೊತೆಗೆ ಘಟ, ಮೋರ್ಸಿಂಗ್, ಖಂಜಿರ. ಇಂಥ ಕೂಟಗಳಲ್ಲಿ ನಮ್ಮವರನ್ನು ಒಗ್ಗರಣೆಗೆ ಇಟ್ಟುಕೊಳ್ಳುವುದೇ ಹೆಚ್ಚು. ಇಲ್ಲಿ ಹಾಗಿಲ್ಲ. ರಮಾಮಣಿ ಅವರ ದನಿಯೇ ದಾರಿ ತೋರಿಸುತ್ತದೆ, ಸ್ಯಾಕ್ಸೊಫೋನ್ ಅದನ್ನು ಕೇಳಿಸಿಕೊಂಡು ಉತ್ತರ ಕೊಡುತ್ತದೆ. ಕೊನ್ನಕ್ಕೋಲ್, ಅಂದ್ರೆ ಬಾಯಲ್ಲೇ ತಾಳದ ಸೊಲ್ಲು ಹೇಳುವುದು, ಶುರುವಾದರೆ ಕೂತಲ್ಲೇ ತೊಡೆ ತಟ್ಟಿ ತಾಳ ಹಾಕುವಂತಾಗುತ್ತದೆ.

ಮರಿಯಾನೋ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ವೇಬರ್‌ಗೆ ಪಾರ್ಶ್ವವಾಯು ಹೊಡೆದು ಬೇಸ್ ನುಡಿಸುವುದೇ ನಿಂತಿತ್ತು. ಆದರೂ ಸುಮ್ಮನೆ ಕೂರಲಿಲ್ಲ. ಹಳೇ ಕಚೇರಿಗಳಲ್ಲಿ ತಾವು ಒಬ್ಬರೇ ನುಡಿಸಿದ್ದ ತುಣುಕುಗಳನ್ನು ಹುಡುಕಿ, ಜೋಡಿಸಿ 2012ರಲ್ಲಿ 'ರೆಸ್ಯೂಮೆ' ಹೊರತಂದರು.

ಜಾಝ್ ಗೊತ್ತಿಲ್ಲ ಅನ್ನುವವರು ಮೊದಲು 'ಜ್ಯೋತಿ' ಕೇಳಿ. 'ಕ್ಲೋಯಿ' ಆಮೇಲೆ ನೋಡಿಕೊಂಡರಾಯಿತು.